ಬಾಲದ ಸೊನ್ನೆ

ಗರಗಸದ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಎಪ್ಪತ್ತನಾಲ್ಕು ವರ್ಷಕ್ಕೆ ಮಂಡಿ ಸವೆದಿತ್ತು, ಬಲಗಿವಿ ಮಂದವಾಗಿತ್ತು, ಹಲ್ಲು ಅರ್ಧಕ್ಕರ್ಧ ಉದುರಿತ್ತು. ಕೋಪ ಮಾತ್ರ ಇವತ್ತು ಬೆಳಿಗ್ಗೆ ಕೊಂಡು ತಂದಷ್ಟು ಹೊಸದಾಗಿತ್ತು. ಆ ಸೋಮವಾರ ಫೋನು ಬಂದಾಗ ಅವನು ಮಗಳ ಮನೆಯ ಅಡುಗೆಮನೆ ಬಾಗಿಲನ್ನು ಕಳಚಿ, ನೆಲದ ಮೇಲೆ ಮಲಗಿಸಿ, ಅದರ ಕೆಳಗಿನ ಅಂಚನ್ನು ಉಜ್ಜುತ್ತಿದ್ದ. ಬಾಗಿಲು ನೆಲಕ್ಕೆ ತಾಗುತ್ತದೆ ಎಂದು ಯಾರೂ ಅವನಿಗೆ ದೂರಿರಲಿಲ್ಲ. ತಾನಾಗಿಯೇ ಕಂಡುಹಿಡಿದು, ತಾನಾಗಿಯೇ ಸಿಟ್ಟಾಗಿ, ತಾನಾಗಿಯೇ ಕಳಚಿದ್ದ.

ಫೋನು ಮಾಡಿದವಳು ತಮ್ಮನ ಹೆಂಡತಿ.

“ಭಾವ, ಇವರಿಗೆ ತುಂಬಾ ಹುಷಾರಿಲ್ಲ. ಉಸಿರು ಎಳೀತಾರೆ. ಎರಡು ದಿನದಿಂದ ಬಾಗಿಲ ಕಡೆಗೇ ನೋಡ್ತಾರೆ. ‘ಅಣ್ಣ ಬಂದ್ನಾ?’ ಅಂತಾರೆ. ಒಂದು ಸಲ ಬಂದು ಹೋಗಿ.”

“ಡಾಕ್ಟರು ಏನಂತಾರೆ?”

“ಮನೇಲೇ ಇಟ್ಕೊಳ್ಳಿ ಅಂದ್ರು.”

ಹಾಗೆಂದರೆ ಏನರ್ಥ ಎಂದು ಎಪ್ಪತ್ತನಾಲ್ಕರ ಮನುಷ್ಯನಿಗೆ ಬಿಡಿಸಿ ಹೇಳಬೇಕೇ? ಮೇಸ್ತ್ರಿ “ನೋಡೋಣ” ಎಂದು ಫೋನಿಟ್ಟ. ನೋಡೋಣವಂತೆ! ಒಡಹುಟ್ಟಿದವನು ಬಾಗಿಲು ನೋಡುತ್ತ ಮಲಗಿದ್ದಾನೆ, ಮಧ್ಯೆ ಇರುವುದು ಎರಡು ಬಸ್ಸಿನ ದಾರಿ, ಇವನು ನೋಡೋಣ ಅನ್ನುತ್ತಾನೆ. ಹಾಗಂದು ಮತ್ತೆ ಬಾಗಿಲು ಉಜ್ಜಲು ಕೂತ.

ಆರು ವರ್ಷದಿಂದ ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ. ಇದನ್ನು ಹೇಳಬೇಕಾದರೆ ಇನ್ನೂ ಹಿಂದಕ್ಕೆ, ನಲವತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು.

ಮೇಸ್ತ್ರಿ ಮೂಲತಃ ಬಡಗಿ. ಬಾಗಿಲು, ಕಿಟಕಿ, ಮಂಚ, ಬೆಂಚು ಮಾಡಿಕೊಂಡಿದ್ದವನು. ಆಗ ಊರಲ್ಲಿ ಹೊಸ ಶಾಲೆ ಕಟ್ಟುತ್ತಿದ್ದರು. ಛಾವಣಿಗೆ ಕಾರ್ಖಾನೆಯಿಂದ ಲಾರಿ ತುಂಬ ಹಗುರ ಕಾಂಕ್ರೀಟಿನ ಹಲಗೆಗಳು ಬಂದವು. ಉದ್ದಕ್ಕೆ ಒಂದೂವರೆ ಆಳು, ಅಗಲಕ್ಕೆ ಎರಡು ಗೇಣು. ಒಳಗೆಲ್ಲ ಬನ್ನಿನ ಹಾಗೆ ಸಣ್ಣ ಸಣ್ಣ ತೂತು. ಗೋಡೆಯಿಂದ ಗೋಡೆಗೆ ಸಾಲಾಗಿ ಇಟ್ಟುಬಿಟ್ಟರೆ ಛಾವಣಿ ಆಯಿತು, ಅಷ್ಟು ಸಲೀಸು. ಆದರೆ ಒಂದು ಸಾಲು ಕೋಣೆಗಳಲ್ಲಿ ಗೋಡೆ ಕಟ್ಟಿದವರು ಒಂದು ಗೇಣು ಒಳಗೆ ಕಟ್ಟಿಬಿಟ್ಟಿದ್ದರು. ಹಲಗೆ ಉದ್ದವಾಯಿತು, ಗೋಡೆ ದಾಟಿ ಹೊರಗೆ ಚಾಚಿತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರು. ಕಾರ್ಖಾನೆಗೆ ಹೇಳಿ ಗಿಡ್ಡ ಹಲಗೆ ತರಿಸಬೇಕೆಂದರೆ ಮೂರು ತಿಂಗಳು. ಆಗ ನಮ್ಮ ಬಡಗಿ ಒಂದು ಹಲಗೆಯ ತುದಿಗೆ ಗರಗಸ ಹಚ್ಚಿ ನೋಡಿದ. ಎಳೆ ಮರ ಕೊಯ್ದಂತೆ ಸರಸರ ಕೊಯ್ಯಿತು. ಮಧ್ಯೆ ಸಿಗುವ ಸಣ್ಣ ಕಂಬಿಗಳನ್ನು ಕಬ್ಬಿಣದ ಗರಗಸದಿಂದ ಕತ್ತರಿಸಿದರೆ ಮುಗಿಯಿತು. ಐದು ದಿನದಲ್ಲಿ ಅಷ್ಟೂ ಹಲಗೆ ಅಳತೆಗೆ ಬಂದವು. ಎಂಜಿನಿಯರು ಬೆನ್ನು ತಟ್ಟಿದರು. ಬಡಗಿ ಅಂದಿನಿಂದ ಗರಗಸದ ಮೇಸ್ತ್ರಿ ಆದ. ಆ ಜಂಬ ಅವನ ತಲೆಗೇರಿ ಕೂತದ್ದು ಇಳಿಯಲೇ ಇಲ್ಲ.

ಹಲಗೆಯ ಇನ್ನೊಂದು ತುದಿ ಹಿಡಿದವನು ತಮ್ಮ. ಹಿಡಿಯುವುದು ಅಂದರೆ ಸುಮ್ಮನೆಯಲ್ಲ. ಕೊಯ್ಯುವಾಗ ಹಲಗೆ ಅಲುಗಿದರೆ ಅಂಚು ಪುಡಿಯಾಗುತ್ತದೆ. ತಮ್ಮ ಎರಡೂ ಮಂಡಿಯೂರಿ, ಎದೆಯನ್ನೇ ಹಲಗೆಯ ಮೇಲೆ ಒರಗಿಸಿ ಹಿಡಿಯುತ್ತಿದ್ದ. ಹಿಡಿದ ಮೇಲೆ, “ಹಿಡ್ಕೊಂಡಿದ್ದೀನಿ ಅಣ್ಣಾ, ಕುಯ್ಯಿ” ಅನ್ನುತ್ತಿದ್ದ. ಆ ಮಾತು ಕಿವಿಗೆ ಬೀಳದೆ ಮೇಸ್ತ್ರಿ ಗರಗಸ ಇಡುತ್ತಿರಲಿಲ್ಲ. ಇಬ್ಬರೂ ಹುಡುಗರಾಗಿ ಮರ ಕೊಯ್ಯುತ್ತಿದ್ದ ಕಾಲದಿಂದ ಬಂದ ಪದ್ಧತಿ ಅದು. ಕೊಯ್ದಾದ ಮೇಲೆ ತಮ್ಮ ಅಳೆದು, ಕೊಯ್ದ ಮುಖದ ಮೇಲೆ ಬಡಗಿಯ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯುವನು. ಅಣ್ಣ ಕಣ್ಣಲ್ಲೇ ತೂಗಿ ನೋಡಿ, ಸರಿಯಿದ್ದರೆ ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿ ಅದಕ್ಕೊಂದು ಬಾಲ ಎಳೆಯುವನು. ಬಾಲದ ಸೊನ್ನೆ ಅಂದರೆ ಮೇಸ್ತ್ರಿ ಒಪ್ಪಿದ ಕೆಲಸ. ಊರಲ್ಲಿ ಬೇರೆ ಯಾರೂ ಆ ಗುರುತು ಹಾಕುತ್ತಿರಲಿಲ್ಲ.

ಹಲಗೆಗಳ ಎರಡೂ ತುದಿಗೆ ಕಾರ್ಖಾನೆಯವರು ಒಂದೊಂದು ಕೆಂಪು ಗೆರೆ ಎಳೆದಿದ್ದರು. ತಮ್ಮ ಎರಡನೇ ದಿನ ಕೇಳಿದ, “ಅಣ್ಣಾ, ಈ ಕೆಂಪು ಗೆರೆ ಯಾಕೆ? ಯಾರನ್ನಾದ್ರೂ ಕೇಳೋಣವಾ?”

“ಹಗ್ಗ ಕಟ್ಟಿ ಎತ್ತೋ ಗುರುತು ಕಣೋ ಅದು.”

“ಮತ್ತೆ ಕುಯ್ದ ತುಂಡಲ್ಲಿ ಕಂಬಿಗೆ ಅಡ್ಡಡ್ಡ ಇನ್ನೊಂದು ಕಂಬಿ ಬೆಸೆದಿದ್ದಾರೆ. ಅದಕ್ಕೇನಾದ್ರೂ ಕೆಲಸ ಇದೆಯೇನೋ.”

“ಲಾರೀಲಿ ಕುಲುಕಾಡಿ ಒಡೀದೆ ಇರ್ಲಿ ಅಂತ ಹಾಕಿರ್ತಾರೆ. ನೀನೇನು ಎಂಜಿನಿಯರಾ? ಹಿಡ್ಕೋ.”

ತಮ್ಮ ಹಿಡಿದುಕೊಂಡ. ಅಣ್ಣ ಹೇಳಿದ ಮೇಲೆ ಅವನಿಗೆ ಎರಡನೇ ಮಾತಿಲ್ಲ. ಮೇಸ್ತ್ರಿಯ ಲೆಕ್ಕವೂ ಸರಳವಾಗಿತ್ತು. ಮರದ ತೊಲೆಯ ತುದಿ ಒಂದು ಗೇಣು ಕಡಿದರೆ ತೊಲೆಗೇನು ಆಗುತ್ತದೆ? ಒಂದು ಗೇಣು ಗಿಡ್ಡವಾಗುತ್ತದೆ, ಅಷ್ಟೇ.

ಶಾಲೆ ಮುಗಿದ ಮೇಲೆ ತಮ್ಮನಿಗೆ ಅಲ್ಲೇ ಉಸ್ತುವಾರಿಯ ಕೆಲಸ ಸಿಕ್ಕಿತು. ಬೀಗ ತೆಗೆಯುವುದು, ಗಂಟೆ ಹೊಡೆಯುವುದು, ಛಾವಣಿ ಮೇಲಿನ ನೀರಿನ ಕೊಳವೆಗಳ ಕಸ ತೆಗೆಯುವುದು. ಮೂವತ್ತೈದು ವರ್ಷ ಮಾಡಿದ. ಮಕ್ಕಳು ಅವನನ್ನು ಗಂಟೆ ಮಾಮ ಅನ್ನುತ್ತಿದ್ದರು. ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಶಾಲೆಯ ಮಕ್ಕಳೆಲ್ಲ ಅವನವರೇ.

ಆರು ವರ್ಷದ ಹಿಂದೆ ಒಂದು ರಜೆಯ ದಿನ ಶಾಲೆಯ ನಕ್ಷೆ, ಚೆಂಡು ಎಲ್ಲ ಇಡುವ ಉಗ್ರಾಣದ ಛಾವಣಿಯ ಒಂದು ಹಲಗೆ ಧೊಪ್ಪನೆ ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಒಂದು ಸ್ಟೂಲು ಅಪ್ಪಚ್ಚಿಯಾಯಿತು. ಮೊದಲು ಹೋಗಿ ನೋಡಿದವನು ತಮ್ಮನೇ. ವಿಚಾರಣೆಗೆ ಐದು ಜನ ಬರುವಷ್ಟರಲ್ಲಿ ಅವನು ಬಿದ್ದ ತುಂಡುಗಳನ್ನೆಲ್ಲ ತಳ್ಳುಗಾಡಿಗೆ ತುಂಬಿ, ಊರಾಚೆಯ ಗುಂಡಿಗೆ ಸುರಿದು, ಕೋಣೆ ಗುಡಿಸಿಬಿಟ್ಟಿದ್ದ. ಬಂದವರು ಮೇಲೆ ಹತ್ತಿ ನೋಡಿದರು. ಒಂದು ಕೊಳವೆಯಲ್ಲಿ ಎಲೆ ಕಟ್ಟಿಕೊಂಡಿತ್ತು. ಸಾಕಲ್ಲ! ನೀರು ನಿಂತು ಹಲಗೆ ನೆನೆದು ಬಿತ್ತು, ಕಸ ತೆಗೆಯದವನು ಉಸ್ತುವಾರಿಯವನು, ಅದು ಗೊತ್ತಾಗಬಾರದೆಂದೇ ತುಂಡು ಸಾಗಿಸಿದ. ಹಳಬರೆಂದು ಮೇಸ್ತ್ರಿಯನ್ನೂ ಕರೆಸಿದ್ದರು. “ನೀವೇನಂತೀರಿ?” ಎಂದು ಕೇಳಿದರು.

ಮೇಸ್ತ್ರಿ ಎಲ್ಲರ ಎದುರಿಗೆ ಎದೆ ಸೆಟೆಸಿ ಹೇಳಿದ, “ನಾನಿಟ್ಟ ಹಲಗೆ ತಾನಾಗಿ ಬೀಳಲ್ಲ ಸ್ವಾಮಿ. ಬೀಳಿಸಿದ್ರೆ ಬೀಳತ್ತೆ.” ಅಷ್ಟಕ್ಕೆ ಬಿಟ್ಟನೇ? ತಮ್ಮನ ಕಡೆ ತಿರುಗಿ, “ನಿಂದು ತಪ್ಪಿಲ್ದೆ ಇದ್ರೆ ತುಂಡು ಯಾಕೋ ಎಸೆದೆ? ಹೇಳು, ಎಲ್ಲರ ಮುಂದೆ ಹೇಳು” ಎಂದ.

ತಮ್ಮ ಅಣ್ಣನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ, “ತಪ್ಪಾಯ್ತು” ಎಂದ. ಒಂದೇ ಮಾತು. ಆ ವಾರ ಅವನ ಕೈಯಿಂದ ಬೀಗದ ಕೈ ತೆಗೆದುಕೊಂಡು ಮನೆಗೆ ಕಳಿಸಿದರು.

ಅಣ್ಣನ ಹೆಸರು ಕೆಡಿಸಿದ ಎಂದು ಮೇಸ್ತ್ರಿ ಅಂದಿನಿಂದ ಅವನ ಹೊಸಿಲು ತುಳಿದಿರಲಿಲ್ಲ. ಮನೆಗೆ ಬಂದು ಕ್ಷಮೆ ಕೇಳಲಿ, ಆಮೇಲೆ ಮಾತು ಎಂದು ಮುಖ ಊದಿಸಿಕೊಂಡು ಕೂತಿದ್ದ.

ಮಗಳು ಅಂದು ಮಧ್ಯಾಹ್ನ, ಎಂದಿಗಿಂತ ಮುಂಚೆ ಮನೆಗೆ ಬಂದಳು. ಅವಳ ಕೆಲಸವೇ ಕಟ್ಟಡಗಳ ಪರೀಕ್ಷೆ. ಈ ಬಗೆಯ ಹಲಗೆಯ ಹಳೆಯ ಛಾವಣಿಗಳನ್ನೆಲ್ಲ ತಪಾಸಣೆ ಮಾಡಿ, ಗಟ್ಟಿ ಮಾಡಬಹುದಾದ್ದನ್ನು ಗಟ್ಟಿ ಮಾಡಿ, ಆಗದ್ದನ್ನು ತೆಗೆದು ಹಾಕಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಒಂದು ವಾರದಿಂದ ಅವಳು ಅದೇ ಶಾಲೆಯಲ್ಲಿದ್ದಳು. ಬಂದವಳು ಹೆಲ್ಮೆಟ್ಟು ಮೇಜಿನ ಮೇಲಿಟ್ಟು, ಕೈ ಕೂಡ ತೊಳೆಯದೆ, “ಅಪ್ಪಾ, ಬಾಗಿಲು ಆಮೇಲೆ ಮಾಡು. ಕೂತ್ಕೋ ಇಲ್ಲಿ” ಎಂದಳು.

“ಯಾಕೆ, ಯಾರು ಸತ್ರು?”

“ಸುಮ್ನಿರು ಅಪ್ಪ. ಇದನ್ನ ನೋಡು.”

ಫೋನಿನಲ್ಲಿ ಒಂದು ಚಿತ್ರ. ಗೋಡೆ ಮತ್ತು ಛಾವಣಿ ಸೇರುವ ಕಡೆ ಗಾರೆ ಕೆತ್ತಿ, ಸಂದಿಯಲ್ಲಿ ಬೆಳಕು ಬಿಟ್ಟು ತೆಗೆದದ್ದು. ಹಲಗೆಯ ಕೊಯ್ದ ಮುಖ. ಅದರ ಮೇಲೆ ತಮ್ಮನ ಕೈಯ ಸಂಖ್ಯೆ. ಪಕ್ಕದಲ್ಲಿ ಬಾಲದ ಸೊನ್ನೆ.

ಮೇಸ್ತ್ರಿಯ ಮುಖ ಅರಳಿತು. “ನಂದೇ! ನಲವತ್ತು ವರ್ಷ ಆದ್ರೂ ಪೆನ್ಸಿಲು ಅಳಿಸಿಲ್ಲ ನೋಡು.”

ಪಾಪ, ಮಗಳಿಗೆ ಅಲ್ಲಿಂದ ಮುಂದಕ್ಕೆ ಹೇಳುವುದು ಕಷ್ಟವಾಯಿತು. ಅವಳು ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಶಾಲೆಯ ಮುಂದೆ ಹೋಗುವಾಗಲೆಲ್ಲ ಈ ಮನುಷ್ಯ ಛಾವಣಿ ತೋರಿಸುತ್ತಿದ್ದ. ಆದರೂ ಹೇಳಿದಳು.

“ಅಪ್ಪಾ, ಈ ಹಲಗೆ ಒಳಗೆ ಉದ್ದಕ್ಕೆ ಕಂಬಿ ಇದೆಯಲ್ಲ, ಭಾರ ಹೊರೋದು ಅದೇ. ಆದ್ರೆ ಈ ಕಾಂಕ್ರೀಟು ಮೆತ್ತಗೆ, ಕಂಬೀನ ಅದು ಕಚ್ಚಿ ಹಿಡಿಯಲ್ಲ. ತುದೀಲಿರೋ ಅಡ್ಡಕಂಬಿ ಹಿಡಿಯತ್ತೆ. ಬಟ್ಟೆ ಹೊಲಿದು ಕೊನೇಲಿ ಗಂಟು ಹಾಕ್ತಾರಲ್ಲ, ಹಾಗೆ. ನೀನು ಕುಯ್ದದ್ದು ಆ ಗಂಟನ್ನ.”

ಮೇಸ್ತ್ರಿ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದ.

“ಕೆಂಪು ಗೆರೆ ಇತ್ತಲ್ಲ ಅಪ್ಪ. ಈ ಗೆರೆ ದಾಟಿ ಒಳಕ್ಕೆ ಕುಯ್ಯಬೇಡಿ ಅಂತ ಹಾಕಿದ್ದು ಅದು. ಉಗ್ರಾಣದ ಹಲಗೆ ಬಿದ್ದದ್ದೂ ಅದಕ್ಕೇ ಅನ್ಸತ್ತೆ. ಚಿಕ್ಕಪ್ಪನ ತಪ್ಪಲ್ಲ.”

“ಅನ್ಸತ್ತೆ ಅಂದ್ರೆ? ಅನ್ಸಿದ್ದನ್ನೆಲ್ಲ ಹೇಳ್ತೀಯಾ?” ಗದರಿಸಿದ, ಆದರೆ ದನಿಯಲ್ಲಿ ಗದರು ಇರಲಿಲ್ಲ. “ನಾಳೆ ನಾನೇ ಬರ್ತೀನಿ. ಅಳತೆ ತಗೋತೀನಿ.”

“ಛಾವಣಿ ಎಲ್ಲೂ ಓಡಿ ಹೋಗಲ್ಲ. ಚಿಕ್ಕಮ್ಮ ನನಗೂ ಫೋನ್ ಮಾಡಿದ್ರು. ಈಗಲೇ ಹೊರಡು, ನಾನು ಕರ್ಕೊಂಡು ಹೋಗ್ತೀನಿ. ಮೊದಲು ಚಿಕ್ಕಪ್ಪನ್ನ ನೋಡು.”

“ಯಾವ ಮುಖ ಇಟ್ಕೊಂಡು ಹೋಗ್ಲೇ?” ಎಂದು ಮೇಸ್ತ್ರಿ ಕೂಗಿದ. “ಎಲ್ಲರ ಮುಂದೆ ಅವನ ಮಾನ ತೆಗೆದಿದ್ದೀನಿ. ಏನೋ ತಪ್ಪಾಗಿದೆಯಂತೆ ಕಣೋ ಅಂತ ಅಂದಾಜಲ್ಲಿ ಹೇಳೋಕಾಗತ್ತಾ? ಎಷ್ಟು ಹಲಗೆ, ಎಲ್ಲೆಲ್ಲಿ, ಎಷ್ಟೆಷ್ಟು ಕುಯ್ದಿದ್ದೀನಿ, ಎಲ್ಲ ನೋಡ್ಕೊಂಡು ಹೋಗಿ ಸರಿಯಾಗಿ ಹೇಳ್ತೀನಿ. ಅವನಿಗೆ ಅಷ್ಟಾದ್ರೂ ಸಲ್ಲಬೇಕು.”

ಮಗಳಿಗೆ ಅಪ್ಪನ ಹಟ ಗೊತ್ತು. ಸುಮ್ಮನಾದಳು. ಆಮೇಲೆ ಎಷ್ಟೋ ದಿನ ಅವಳು, ಅವತ್ತು ಯಾಕೆ ಸುಮ್ಮನಾದೆ, ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಿತ್ತು ಎಂದು ಹಲುಬುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಮಡಿಸುವ ಮರದ ಅಳತೆಕೋಲು ಹಿಡಿದು ಶಾಲೆಗೆ ಬಂದ. ಮಕ್ಕಳನ್ನು ಬೇರೆ ಕಟ್ಟಡಕ್ಕೆ ಕಳಿಸಿದ್ದರು. ಪುಟ್ಟ ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಅಂಗಳದಲ್ಲಿಟ್ಟಿದ್ದರು. ಕೋಣೆಗಳ ಒಳಗೆ ಕಬ್ಬಿಣದ ಕಂಬಗಳ ಕಾಡು: ಪ್ರತಿ ಸಾಲು ಹಲಗೆಯ ತುದಿಗೂ ತಾತ್ಕಾಲಿಕವಾಗಿ ಕಂಬ ಕೊಟ್ಟು ಎತ್ತಿ ಹಿಡಿದಿದ್ದರು. ಒಂದು ಕೋಣೆಯಲ್ಲಿ ವೆಲ್ಡರು ಗೋಡೆಗೆ ಉದ್ದನೆಯ ಕಬ್ಬಿಣದ ಪಟ್ಟಿ ಬೋಲ್ಟು ಹಾಕಿ ಕೂರಿಸುತ್ತಿದ್ದ, ಹಲಗೆಯ ತುದಿಗೆ ಕೆಳಗಿನಿಂದ ಇನ್ನಷ್ಟು ಆಸರೆ ಸಿಗಲಿ ಎಂದು. ಕಪ್ಪು ಹಲಗೆಯ ಮೇಲೆ ಯಾವುದೋ ಮಗು ಬರೆದ ಮನೆಯ ಚಿತ್ರ ಹಾಗೇ ಇತ್ತು.

ಮೇಸ್ತ್ರಿ ಏಣಿ ಹತ್ತಿ ಮೊದಲನೇ ಸಂದಿಯಲ್ಲಿ ಟಾರ್ಚು ಬಿಟ್ಟ. ಕೆಂಪು ಗೆರೆ ಇಲ್ಲ. ಕಂಬಿಗಳ ಬೋಳು ತುದಿಗಳು ನಾಲ್ಕು ಕಾಣುತ್ತಿದ್ದವು, ಅಡ್ಡಕಂಬಿ ಇಲ್ಲ. ಹಲಗೆ ಗೋಡೆಯ ಮೇಲೆ ಕೂತಿದ್ದದ್ದು ಎರಡು ಬೆರಳಗಲ.

“ಅಜ್ಜಾ, ಹುಷಾರು, ಕೈ ಇಡಬೇಡಿ ಅಲ್ಲಿ,” ಎಂದ ವೆಲ್ಡರು ಕೆಳಗಿನಿಂದ. “ಯಾವನೋ ಮಹಾನುಭಾವ ಬ್ರೆಡ್ಡು ಕುಯ್ದ ಹಾಗೆ ಕುಯ್ದು ಬಿಸಾಕಿದ್ದಾನೆ. ಅವನ ಕೈಗೆ ಗರಗಸ ಕೊಟ್ಟವನನ್ನ ಮೊದಲು ಹಿಡಿದು ಬಡೀಬೇಕು.”

“ಯಾರೂ ಕೊಡಲಿಲ್ಲ,” ಎಂದ ಮೇಸ್ತ್ರಿ. “ಗರಗಸ ಅವನದೇ. ನಂದೇ.”

ವೆಲ್ಡರು ನಾಲಿಗೆ ಕಚ್ಚಿಕೊಂಡ. ಅಲ್ಲಿಂದ ಮುಂದೆ ಅವನು ಏಣಿ ಹಿಡಿದು ನಿಂತ. ಒಳ್ಳೆಯವನು.

ಒಂದು ಹಲಗೆ ನೋಡಿದ ಮೇಲೆ ಇನ್ನೇನು ಬೇಕಿತ್ತು? ಎರಡು ನೋಡಿದ ಮೇಲಾದರೂ ಹೊರಡಬಹುದಿತ್ತು. ಹತ್ತು ಗಂಟೆಗೆ ಮಗಳು ಬಂದು, “ಅಪ್ಪಾ, ಸಾಕು, ಹೋಗೋಣ” ಎಂದಳು. “ಈ ಕೋಣೆ ಮುಗೀಲಿ.” ಹನ್ನೊಂದೂವರೆಗೆ ಮತ್ತೆ ಬಂದಳು. “ಇನ್ನೆರಡು ಕೋಣೆ.” ಇಳಿಯುತ್ತಾನೆ, ಏಣಿ ಸರಿಸುತ್ತಾನೆ, ಹತ್ತುತ್ತಾನೆ, ಟಾರ್ಚು ಬಿಡುತ್ತಾನೆ, ಅಳತೆಕೋಲು ಚಾಚುತ್ತಾನೆ. ಪ್ರತಿಯೊಂದರ ಮೇಲೂ ಬಾಲದ ಸೊನ್ನೆ. ಮೊದಮೊದಲು ಕಂಡಾಗ ಎದೆ ಧಸಕ್ಕೆನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಈ ಛಾವಣಿಯ ಕೆಳಗೆ ನಲವತ್ತೊಂದು ವರ್ಷ ಮಕ್ಕಳು ಕೂತಿದ್ದರು ಎಂದು ಒಮ್ಮೆ ಹೊಳೆದು, ಏಣಿಯ ಮೇಲೆಯೇ ಕಣ್ಣು ಮುಚ್ಚಿ ನಿಂತುಬಿಟ್ಟ.

ಕೊನೆಗೆ ಉಗ್ರಾಣ. ಹಲಗೆ ಬಿದ್ದ ಜಾಗಕ್ಕೆ ಆಗ ಹೊದಿಸಿದ್ದ ತಗಡು ಇನ್ನೂ ಇತ್ತು. ಮಗಳು ಪಕ್ಕದ ಹಲಗೆಗೆ ಬೆಳಕು ಬಿಟ್ಟು ತೋರಿಸಿದಳು. “ನೀರು ನಿಂತು ಬಿದ್ದಿದ್ರೆ ಈ ಕಂಬಿ ತುಕ್ಕು ಹಿಡಿದಿರಬೇಕಿತ್ತು. ನೋಡು, ಕಾರ್ಖಾನೇಲಿ ಬಳಿದ ಕಪ್ಪು ಬಣ್ಣ ಕೂಡ ಹಾಗೇ ಇದೆ.”

“ನೀರಿನ ಮಾತೇ ಇಲ್ಲ ಹಾಗಾದ್ರೆ.”

“ಇಲ್ಲ.”

“ಮೂವತ್ತೊಂದು,” ಎಂದ ಮೇಸ್ತ್ರಿ. “ಬಿದ್ದದ್ದೂ ಸೇರಿ ಮೂವತ್ತೆರಡು. ಎಲ್ಲ ನಂದೇ.” ಅಳತೆಕೋಲು ಮಡಿಸಿ ಜೇಬಿಗಿಟ್ಟುಕೊಂಡ. “ನಡಿ. ಅವನ ಕಾಲು ಹಿಡೀತೀನಿ. ಬೈದ್ರೆ ಬೈಲಿ. ಬೈಸ್ಕೋತೀನಿ.”

ದಾರಿಯುದ್ದಕ್ಕೂ ಮಗಳ ಪಕ್ಕದಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದ. ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದ. ಒಂದು ಅಂಗಡಿಯ ಮುಂದೆ ನಿಲ್ಲಿಸಿ, ತಮ್ಮನಿಗೆ ಚಿಕ್ಕಂದಿನಿಂದ ಆಸೆಯೆಂದು ಕಿತ್ತಳೆ ಹಣ್ಣು ಕೊಂಡ. ಆರಿಸಿ ಆರಿಸಿ ಕೊಂಡ.

ತಮ್ಮನ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲ ಕೊನೆಯಲ್ಲಿ, ಬಾಗಿಲ ಮುಂದೆ ಅಕ್ಕಪಕ್ಕದವರು ನಾಲ್ಕೈದು ಜನ ನಿಂತಿದ್ದರು. ಮೇಸ್ತ್ರಿಯನ್ನು ಕಂಡು ಸರಿದು ದಾರಿ ಬಿಟ್ಟರು. ಅವರು ದಾರಿ ಬಿಟ್ಟ ರೀತಿಯಲ್ಲೇ ಅವನಿಗೆ ತಿಳಿಯಿತು.

ತಮ್ಮ ಕಿಟಕಿಯ ಹತ್ತಿರದ ಮಂಚದ ಮೇಲೆ ಮಲಗಿದ್ದ. ಗಡ್ಡ ಬೋಳಿಸಿ, ತಲೆ ಬಾಚಿ, ಕತ್ತಿನವರೆಗೂ ಹೊದಿಸಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದ. ಮಂಚವನ್ನು ಬಾಗಿಲಿಗೆ ಎದುರಾಗಿ ತಿರುಗಿಸಿ ಹಾಕಿದ್ದರು. ತಮ್ಮನ ಹೆಂಡತಿ ಪಕ್ಕದ ಸ್ಟೂಲಿನಿಂದ ಎದ್ದು ನಿಂತಳು.

“ಹನ್ನೆರಡೂವರೆಗೆ, ಭಾವ.”

ಹನ್ನೆರಡೂವರೆಗೆ ತಾನು ಏನು ಮಾಡುತ್ತಿದ್ದೆ? ಐದನೇ ಕೋಣೆಯಲ್ಲಿ ಇಪ್ಪತ್ತೆರಡನೇ ಹಲಗೆ ಅಳೆಯುತ್ತಿದ್ದೆ. ಮೊದಲನೆಯದಕ್ಕೇ ಇಳಿದು ಬಂದಿದ್ದರೆ ಮೂರು ಗಂಟೆ ಕೈಯಲ್ಲಿರುತ್ತಿತ್ತು. ನಿನ್ನೆಯೇ ಬಂದಿದ್ದರೆ ಒಂದು ದಿನ. ಹಣ್ಣಿನ ಚೀಲ ಹಿಡಿದುಕೊಂಡೇ ಮೇಸ್ತ್ರಿ ನೆಲದ ಮೇಲೆ ಕುಸಿದು ಕೂತ. ಮಗಳು ಚಿಕ್ಕಮ್ಮನನ್ನು ತಬ್ಬಿಕೊಂಡು ಅತ್ತಳು. ಅವನಿಗೆ ಅಳು ಕೂಡ ಬರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ತಮ್ಮನ ಹೆಂಡತಿ ಮಂಚದ ಕೆಳಗೆ ಕೈಹಾಕಿ ಹಳೆಯ ಅಂಗಿಯಲ್ಲಿ ಸುತ್ತಿದ ಏನನ್ನೋ ಎಳೆದು ತೆಗೆದಳು.

“ಭಾವ, ಇದೇನು ಅಂತ ನಿಮಗಾದ್ರೂ ಗೊತ್ತಾ? ಕೆಲಸ ಹೋಯ್ತಲ್ಲ, ಆ ವಾರ ತಂದಿಟ್ಟದ್ದು. ತೂತು ತೂತು ಕಲ್ಲು. ಒಂದಿನ ನಾನು ಹಿಮ್ಮಡಿ ಉಜ್ಜಿಕೊಳ್ಳೋಕೆ ಚೆನ್ನಾಗಿದೆ ಅಂತ ಬಚ್ಚಲಿಗೆ ತಗೊಂಡು ಹೋದೆ. ಅಯ್ಯೋ, ಎಂಥ ಕೂಗು ಕೂಗಿದ್ರು! ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಆಮೇಲೆ ಅವರೇ ಅತ್ತುಬಿಟ್ರು. ಯಾರಿಗೂ ತೋರಿಸಬೇಡ ಅಂದ್ರು. ನೀವು ಹೊರಗಿನವರಲ್ಲವಲ್ಲ, ಅದಕ್ಕೆ ಕೇಳ್ತಿದ್ದೀನಿ.”

ಅಂಗಿ ಬಿಚ್ಚಿದಳು. ಅಂಗೈ ಎರಡು ಸೇರಿಸಿದಷ್ಟು ಅಗಲದ ಹಗುರ ಕಾಂಕ್ರೀಟಿನ ತುಂಡು. ಮೂರು ಕಡೆ ಒಡೆದಿತ್ತು, ಒಂದು ಕಡೆ ಕೊಯ್ದಿತ್ತು. ಕೊಯ್ದ ಮುಖದ ಮೇಲೆ ತಮ್ಮನ ಕೈಯಲ್ಲಿ ಒತ್ತಿ ಬರೆದ ಸಂಖ್ಯೆ, ಅದರ ಪಕ್ಕದಲ್ಲಿ ಬಾಲದ ಸೊನ್ನೆ.

ಮೇಸ್ತ್ರಿ ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡ. ಅಂದು ಬಾಗಿಲು ತೆಗೆದು ಒಳಗೆ ಹೋದ ತಮ್ಮ ಕಂಡದ್ದು ಇದನ್ನೇ. ಬರುವವರು ಬಂದು ನೋಡಿದರೆ ಯಾರು ಕೊಯ್ದದ್ದೆಂದು ಕೇಳುತ್ತಾರೆ, ಊರಿಗೆಲ್ಲ ಗೊತ್ತಿರುವ ಗುರುತು, ಅಣ್ಣನ ಹೆಸರು ಹೋಗುತ್ತದೆ. ಅದಕ್ಕೇ ಗುಡಿಸಿದ. ಅದಕ್ಕೇ ಸುರಿದು ಬಂದ. ಇದನ್ನು ಪುಡಿ ಮಾಡಿ ಎಸೆಯಲು ಮಾತ್ರ ಮನಸ್ಸು ಬರಲಿಲ್ಲ, ಇಬ್ಬರ ಕೈಬರಹವೂ ಇತ್ತಲ್ಲ. ಎಲ್ಲರೆದುರಿಗೆ, ತುಂಡು ಯಾಕೋ ಎಸೆದೆ ಎಂದು ಅಣ್ಣನೇ ಕೇಳಿದಾಗ ಅವನು ಏನು ಹೇಳಬೇಕಿತ್ತು? ತಪ್ಪಾಯ್ತು ಎಂದ. ಆರು ವರ್ಷ ಇದೇ ಮಂಚದ ಕೆಳಗೆ ಇದನ್ನಿಟ್ಟುಕೊಂಡು, ಇದರ ಮೇಲೇ ಮಲಗಿದ.

“ಇನ್ನೊಂದು, ಭಾವ,” ಎಂದಳು ತಮ್ಮನ ಹೆಂಡತಿ. “ಬೆಳಿಗ್ಗೆಯಿಂದ ಮಾತು ತೊದಲ್ತಿತ್ತು. ಆದ್ರೂ ಒಂದನ್ನೇ ಹೇಳೋರು. ‘ಹಿಡ್ಕೊಂಡಿದ್ದೀನಿ ಅಣ್ಣಾ. ಹಿಡ್ಕೊಂಡಿದ್ದೀನಿ, ಕುಯ್ಯಿ’ ಅಂತ. ಮಂಚದ ಅಂಚು ಗಟ್ಟಿ ಹಿಡ್ಕೊಂಡು. ಏನನ್ನ ಹಿಡ್ಕೊಂಡಿದ್ದೀರಿ ಅಂತ ಕೇಳಿದೆ, ಹೇಳಲಿಲ್ಲ. ನಿಮಗೇನಾದ್ರೂ ಗೊತ್ತಾ?”

ಆಗ ಅಳು ಬಂತು. ಮೇಸ್ತ್ರಿ ಬಾಯಿ ಬಿಟ್ಟು ಅತ್ತ. ಮೂರು ಮಹಡಿಗೂ ಕೇಳುವ ಹಾಗೆ, ಮಕ್ಕಳ ಹಾಗೆ ಅತ್ತ. ಅಳುತ್ತಲೇ ಎಲ್ಲ ಹೇಳಿದ. ಕೆಂಪು ಗೆರೆ, ಅಡ್ಡಕಂಬಿ, ಬೆಳಿಗ್ಗೆ ಕಂಡ ಮೂವತ್ತೊಂದು ಹಲಗೆ. “ನಾನು ಕುಯ್ದೆ ಕಣಮ್ಮಾ. ಅವನು ಹಿಡ್ಕೊಂಡ. ಅಷ್ಟೇ ಅವನು ಮಾಡಿದ್ದು. ಸರಿಯಾಗಿ ಅಳತೆ ತಗೊಂಡು ಬಂದು ಹೇಳೋಣ ಅಂತ ಇದ್ದೆ. ಪೂರ್ತಿ ಅಳತೆ ತಂದಿದ್ದೀನಿ.”

ತಮ್ಮನ ಹೆಂಡತಿ ಬಹಳ ಹೊತ್ತು ಗಂಡನ ಮುಖವನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಹಾಗಾದ್ರೆ ಇವರದ್ದು ತಪ್ಪಿರಲಿಲ್ಲ,” ಎಂದಳು.

“ಇಲ್ಲಮ್ಮಾ.”

“ಅದು ನನಗೆ ಗೊತ್ತಿತ್ತು ಭಾವ.” ಹೊದಿಕೆಯ ಅಂಚನ್ನು ಸರಿಮಾಡಿದಳು. “ಅಳತೆ ಯಾರು ಕೇಳಿದ್ರು ನಿಮ್ಮನ್ನ? ಇವರು ಕೇಳಿದ್ದು ಅಣ್ಣ ಬಂದ್ನಾ ಅಂತ ಅಷ್ಟೇ. ಬರಿಗೈಯಲ್ಲಿ ಬಂದು ಕೂತಿದ್ರೆ ಸಾಕಿತ್ತು.”

ಮೇಸ್ತ್ರಿ ಅಳತೆಕೋಲನ್ನು ಜೇಬಿನಿಂದ ತೆಗೆದು ಹಣ್ಣಿನ ಚೀಲದ ಪಕ್ಕ ಇಟ್ಟ.

ನಾಲ್ಕು ಗಂಟೆಗೆ ಗಾಡಿ ಬಂತು. ಮೆಟ್ಟಿಲು ಕಿರಿದು, ಬಾಗಿಲು ಇನ್ನೂ ಕಿರಿದು. ಮಂಚದಿಂದ ಸ್ಟ್ರೆಚರಿಗೆ ಮಲಗಿಸಿ ಓರೆಯಾಗಿ ಹೊರಗೆ ತರಬೇಕು. ಪಕ್ಕದ ಮನೆಯವನು ತಲೆಯ ಕಡೆ ಹಿಡಿದ. ಕಾಲಿನ ಕಡೆಗೆ ಇನ್ನೊಬ್ಬ ಬಗ್ಗುವಷ್ಟರಲ್ಲಿ ಮೇಸ್ತ್ರಿ ಎದ್ದು ಬಂದ.

“ನೀವು ಬಿಡಿ ಅಜ್ಜಾ, ಮಂಡಿ ನೋವು ನಿಮಗೆ.”

“ಸರ್ಕೋ ಆ ಕಡೆ.”

ಎರಡೂ ಮಂಡಿಯೂರಿ ಕೂತ. ಸ್ಟ್ರೆಚರಿನ ಎರಡು ಹಿಡಿಗಳನ್ನೂ ಹಿಡಿದು ಎದೆಗೆ ಒತ್ತಿಕೊಂಡ. ಹುಡುಗತನದಿಂದ ಈ ಕಡೆ ಒಂದು ಸಲವೂ ಇನ್ನೊಂದು ತುದಿ ಹಿಡಿದವನಲ್ಲ ಅವನು. ಗರಗಸ ಯಾವಾಗಲೂ ಅವನ ಕೈಯಲ್ಲಿತ್ತು.

“ಹಿಡ್ಕೊಂಡಿದ್ದೀನಿ ಕಣೋ,” ಎಂದ.

ಹಾಗಂದು, ತಮ್ಮಿಬ್ಬರ ಹಳೆಯ ಪದ್ಧತಿಯಂತೆ, ಆ ಕಡೆಯವರು ಶುರುಮಾಡಲಿ ಎಂದು ಕಾದ. ಪಕ್ಕದ ಮನೆಯವನಿಗೆ ಏನು ಹೇಳಬೇಕೆಂದು ತಿಳಿಯದೆ ಅವನೂ ಕಾದ. ಕೊನೆಗೆ ಮಗಳು ಬಂದು ಅಪ್ಪನ ಭುಜದ ಮೇಲೆ ಕೈಯಿಟ್ಟು, “ಅಪ್ಪಾ, ಎತ್ತಬೇಕು ಈಗ” ಎಂದಳು. ಅವನು ಎತ್ತಿದ.